ಘಾಟಿಯಲ್ಲಿ ಬ್ರೇಕ್ ಮೆತ್ತಗಾಯ್ತು: ಪೈಪು, ಫ್ಲೂಯಿಡ್ ಎರಡನ್ನೂ ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ಸರ್, ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. 2008ರ ಬೊಲೆರೊ ಇದೆ. ತೋಟದ ಕೆಲಸಕ್ಕೂ ಅದೇ, ಮನೆಯವರ ಓಡಾಟಕ್ಕೂ ಅದೇ. ಹೋದ ತಿಂಗಳು ಏಳು ಜನ ಧರ್ಮಸ್ಥಳಕ್ಕೆ ಹೊರಟಿದ್ದೆವು. ಚಾರ್ಮಾಡಿ ಘಾಟಿ ಅರ್ಧ ಇಳಿದಿರಬೇಕು, ಬ್ರೇಕ್ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗಿ ಕೆಳಗೆ ಹೋಯಿತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲದಂತೆ ಬ್ರೇಕ್ ಸರಿಯಾಗಿತ್ತು. ಮನೆಗೆ ಬಂದು ಕೆಳಗೆ ಮಲಗಿ ನೋಡಿದಾಗ ಹಿಂದಿನ ಆಕ್ಸಲ್ ಮೇಲಿನ ಪೈಪು ತುಕ್ಕು ಹಿಡಿದಿದೆ, ಒಂದು ಕಡೆ ಸ್ವಲ್ಪ ಒದ್ದೆ ಇದೆ. ಒಬ್ಬರು ತುಕ್ಕು ಹಿಡಿದಷ್ಟು ಕತ್ತರಿಸಿ ಜಾಯಿಂಟ್ ಹಾಕೋಣ ಅಂದರು. ಇನ್ನೊಬ್ಬರು ಎಸಿ ಅಂಗಡಿಯ ತಾಮ್ರದ ಪೈಪು ಹಾಕಿ, ಜನ್ಮಕ್ಕೂ ತುಕ್ಕು ಹಿಡಿಯಲ್ಲ ಅಂದರು. ಮೂರನೆಯವರು ಆಯಿಲ್ ಕಮ್ಮಿ ಆಗಿರಬೇಕು, ಟಾಪ್ ಅಪ್ ಮಾಡಿ ಸಾಕು ಅಂದರು. ನನಗೆ ಸ್ಪ್ಯಾನರ್ ಹಿಡಿದು ಅಭ್ಯಾಸವಿದೆ, ಟ್ರ್ಯಾಕ್ಟರು, ಪಂಪ್‌ಸೆಟ್ ನಾನೇ ನೋಡಿಕೊಳ್ಳುತ್ತೇನೆ. ಪಿಯುಸಿ ಓದುವ ಮಗ ಜೊತೆಗಿದ್ದಾನೆ. ಪೈಪು ಬದಲಿಸಿ, ಹಳೆಯ ಆಯಿಲ್ ಪೂರ್ತಿ ತೆಗೆಯುವ ಕೆಲಸ ಮನೆಯಲ್ಲೇ ಮಾಡಬಹುದೇ?

ಉತ್ತರ: ಮೊದಲು ಒಂದು ಮಾತು. ಈ ಪತ್ರ ಓದುವ ಹೊತ್ತಿಗೆ ಪೈಪು ಬದಲಿಸಿಲ್ಲದಿದ್ದರೆ ಗಾಡಿಯನ್ನು ಶೆಡ್‌ನಿಂದ ಹೊರಗೆ ತೆಗೆಯಬೇಡಿ. ಮೂಡಿಗೆರೆ ಪೇಟೆಯ ತನಕ ಮಾತ್ರ ಅಂತಲೂ ಬೇಡ. ಒದ್ದೆಯಾಗಿರುವ ಬ್ರೇಕ್ ಪೈಪು ಎಂದರೆ ಆಗಲೇ ತೂತು ಬಿದ್ದಿರುವ ಪೈಪು. ಅದು ಪೂರ್ತಿ ಒಡೆಯುವುದು ನೀವು ಜೋರಾಗಿ ಬ್ರೇಕ್ ಒತ್ತಿದ ದಿನವೇ. ದನವೋ ಮಗುವೋ ಅಡ್ಡ ಬಂದ ದಿನ.

ಈಗ ವಿಷಯಕ್ಕೆ ಬರೋಣ. ತುಕ್ಕು ಹಿಡಿದ ಪೈಪಿನಿಂದಲೇ ಘಾಟಿಯಲ್ಲಿ ಬ್ರೇಕ್ ಹೋಯಿತು ಅಂತ ನೀವು ಅಂದುಕೊಂಡಿದ್ದೀರಿ. ನಾನು ಹಾಗೆ ಓದಲಿಲ್ಲ. ನಿಮ್ಮ ಗಾಡಿಯಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಒಂದನ್ನು ಹುಡುಕುತ್ತಾ ಹೋಗಿ ಇನ್ನೊಂದು ಕಣ್ಣಿಗೆ ಬಿದ್ದಿದೆ. ಪೈಪು ಸೋರಿ ಪೆಡಲ್ ಕೆಳಗೆ ಹೋಗಿದ್ದರೆ ಅರ್ಧ ಗಂಟೆ ಕೂತರೆ ಅದು ಮೇಲೆ ಬರುತ್ತಿರಲಿಲ್ಲ. ಸೋರಿದ್ದು ಸೋರಿಹೋಯಿತು, ಅಷ್ಟೇ. ಬಿಸಿಯಾದಾಗ ಹೋಗಿ, ತಣ್ಣಗಾದಾಗ ತಾನಾಗಿ ವಾಪಸ್ ಬಂತಲ್ಲ, ಅದು ಫ್ಲೂಯಿಡ್ ಕುದಿದ ಲಕ್ಷಣ.

ನಾವೆಲ್ಲ ಅದನ್ನು ಬ್ರೇಕ್ ಆಯಿಲ್ ಅನ್ನುತ್ತೇವೆ. ಗ್ಯಾರೇಜಿನಲ್ಲಿ ನಾನೂ ಹಾಗೇ ಅನ್ನುತ್ತೇನೆ. ಆದರೆ ಅದು ಆಯಿಲ್ ಅಲ್ಲ. ಗ್ಲೈಕಾಲ್ ಈಥರ್ ಎನ್ನುವ ದ್ರವ. ಅದಕ್ಕೆ ನೀರು ಎಂದರೆ ಪ್ರೀತಿ. ಮಳೆಗಾಲದಲ್ಲಿ ಅಡುಗೆಮನೆಯ ಕಲ್ಲುಪ್ಪು ಜಾಡಿಯೊಳಗೇ ನೀರು ಬಿಟ್ಟುಕೊಳ್ಳುತ್ತದಲ್ಲ, ಇದೂ ಹಾಗೇ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬಾನೆಟ್ಟಿನ ಕೆಳಗೆ ಫ್ಲೂಯಿಡ್ ತುಂಬುವ ಡಬ್ಬಿಯ ಮುಚ್ಚಳದ ಸಣ್ಣ ರಂಧ್ರದಿಂದ, ರಬ್ಬರ್ ಹೋಸ್‌ಗಳ ಗೋಡೆಯಿಂದ ತೇವ ನಿಧಾನವಾಗಿ ಒಳಗೆ ಹೋಗುತ್ತಲೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗದ ನಮ್ಮ ಮಲೆನಾಡಿನಲ್ಲಿ ಇದರ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು.

ನೀರು ಸೇರಿದರೆ ಏನಾಗುತ್ತದೆ? ಫ್ಲೂಯಿಡ್ ದರ್ಜೆಯನ್ನು ಡಾಟ್ ಸಂಖ್ಯೆಯಿಂದ ಹೇಳುತ್ತಾರೆ. ಹೊಸ ಡಾಟ್ 3 ಫ್ಲೂಯಿಡ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂದು ನಿಯಮ. ಅದಕ್ಕೆ 3.7 ಶೇಕಡಾ ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಹೊಸದಕ್ಕೆ 230, ನೀರು ಕುಡಿದ ಮೇಲೆ 155. ನೂರರಲ್ಲಿ ನಾಲ್ಕು ಪಾಲು ಕೂಡ ಇಲ್ಲದ ನೀರು ಇಷ್ಟು ಕೆಲಸ ಮಾಡುತ್ತದೆ.

ಘಾಟಿ ಇಳಿಯುವಾಗ ಎಷ್ಟು ಬಿಸಿಯಾಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಜನ, ಸಾಮಾನು ಸೇರಿ 2 ಟನ್ ತೂಕದ ಗಾಡಿ 800 ಮೀಟರ್ ಎತ್ತರ ಇಳಿಯಿತು ಅಂದುಕೊಳ್ಳಿ. ಮುಳ್ಳಯ್ಯನಗಿರಿ 1930 ಮೀಟರ್, ಚಿಕ್ಕಮಗಳೂರು ಪೇಟೆ ಸುಮಾರು 1090. ಅಂದರೆ ಗಿರಿಯಿಂದ ಪೇಟೆಗೆ ಇಳಿದಷ್ಟು. ಆ ಇಳಿತದ ಶಕ್ತಿಯೆಲ್ಲ ಬ್ರೇಕಿಗೇ ಹೋದರೆ ಅದು ಸುಮಾರು 45 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ. ಬಚ್ಚಲುಮನೆಯ ಒಂದು ಹಂಡೆ ನೀರು ಅನ್ನಿ. ಅಷ್ಟನ್ನು ನಾಲ್ಕು ಚಕ್ರದ ಕಬ್ಬಿಣ ತಡೆದುಕೊಳ್ಳಬೇಕು. ಇಂಜಿನ್ನು ಮತ್ತು ಗಾಳಿ ಅದರಲ್ಲಿ ಪಾಲು ತೆಗೆದುಕೊಳ್ಳುತ್ತವೆ ನಿಜ. ಆದರೆ ನಾಲ್ಕನೇ ಗೇರಿನಲ್ಲಿ ಕಾಲನ್ನು ಬ್ರೇಕ್ ಮೇಲೇ ಇಟ್ಟುಕೊಂಡು ಇಳಿದರೆ ಇಂಜಿನ್ನಿನ ಪಾಲು ಬಹಳ ಕಮ್ಮಿ. ನ್ಯೂಟ್ರಲ್‌ನಲ್ಲಿ ಬಿಟ್ಟರಂತೂ ಏನೂ ಇಲ್ಲ.

ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ. ಆವಿ ಕುಗ್ಗುತ್ತದೆ. ಚಕ್ರದಲ್ಲಿ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಹತ್ತಿರ ಒಂದೆರಡು ಗುಳ್ಳೆ ಎದ್ದರೂ ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಒತ್ತುವುದಕ್ಕೇ ಖರ್ಚಾಗುತ್ತದೆ. ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತದೆ. ತಣ್ಣಗಾದಾಗ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಮೇಲೆ ಬರುತ್ತದೆ. ಜನ ಮೋಸ ಹೋಗುವುದು ಇಲ್ಲೇ. "ಸರಿಹೋಯ್ತಲ್ಲ" ಎಂದು ಮುಂದಕ್ಕೆ ಹೊರಡುತ್ತಾರೆ.

ಬ್ರೇಕ್ ಬಿಸಿಯಾಗಿ ಕೈಕೊಡುವುದರಲ್ಲಿ ಇನ್ನೊಂದು ಬಗೆಯಿದೆ. ಪೆಡಲ್ ಗಟ್ಟಿಯಾಗೇ ಇರುತ್ತದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಅದು ಪ್ಯಾಡ್ ಮತ್ತು ಲೈನರ್ ಕಾದು ಹಿಡಿತ ಬಿಟ್ಟಿದ್ದು. ಫ್ಲೂಯಿಡ್ ಬದಲಿಸಿದರೆ ಅದು ಹೋಗುವುದಿಲ್ಲ. ಪೆಡಲ್ ಮೆತ್ತಗಾಯಿತು ಅಂತ ನೀವು ಬರೆದದ್ದರಿಂದಲೇ ನಾನು ಫ್ಲೂಯಿಡ್ ಕಡೆ ಬೆರಳು ತೋರಿಸುತ್ತಿರುವುದು.

ಇನ್ನು ಆ ಮೂರು ಸಲಹೆಗಳು.

ಟಾಪ್ ಅಪ್ ಸಾಕು ಎಂಬುದು ಸರಿಯಲ್ಲ. ನೀರು ಕುಡಿದ ಫ್ಲೂಯಿಡ್ ಮೇಲೆ ಹೊಸದು ಸುರಿದರೆ ಕ್ಯಾಲಿಪರ್‌ನಲ್ಲಿ ಕೂತಿರುವ ಹಳೆಯದು ಅಲ್ಲೇ ಇರುತ್ತದೆ. ಅದು ಎಂಜಿನ್ ಆಯಿಲ್‌ನಂತೆ ಸುತ್ತುವುದಿಲ್ಲ, ಮುಂದೆ ಹಿಂದೆ ಸ್ವಲ್ಪ ಸರಿಯುತ್ತದೆ, ಅಷ್ಟೇ. ಅಲ್ಲದೆ ಡಬ್ಬಿಯ ಮಟ್ಟ ಇಳಿಯುವುದಕ್ಕೆ ಎರಡೇ ಮುಖ್ಯ ಕಾರಣ. ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಕಾರಣ ಹುಡುಕದೆ ಸುರಿಯುವುದು ಜ್ವರ ನೋಡದೆ ಮಾತ್ರೆ ನುಂಗಿದಂತೆ.

ಈ ಆಯಿಲ್ ಎಂಬ ಹೆಸರು ಮಾಡಿದ ಅನಾಹುತ ಒಂದನ್ನು ಹೇಳಲೇಬೇಕು. ಆಲ್ದೂರು ಕಡೆಯ ಒಂದು ಜೀಪು ನಮ್ಮ ಗ್ಯಾರೇಜಿಗೆ ಬಂತು. ನಾಲ್ಕೂ ಚಕ್ರ ಬಿಗಿದುಹೋಗಿತ್ತು. ಬ್ರೇಕ್ ಆಯಿಲ್ ಕಮ್ಮಿ ಇದೆ ಎಂದು ಯಾರೋ ಎಂಜಿನ್ ಆಯಿಲ್ ಸುರಿದಿದ್ದರು. ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿದೆ. ಒಳಗಿನ ರಬ್ಬರ್ ಕಪ್‌ಗಳು ನೀರಲ್ಲಿ ನೆನೆಹಾಕಿದ ಕಡಲೆಯಂತೆ ಊದಿಕೊಂಡಿದ್ದವು. ಹೊರಗೆ ತೆಗೆದದ್ದನ್ನು ಮತ್ತೆ ಆ ತೂತಿಗೆ ಹಾಕಲು ಆಗಲಿಲ್ಲ. ಬ್ರೇಕಿನಲ್ಲಿ ಬಳಸುವ ರಬ್ಬರು ಬ್ರೇಕ್ ಫ್ಲೂಯಿಡ್‌ಗೆ ಹೊಂದಿಕೊಳ್ಳುತ್ತದೆ, ಖನಿಜ ತೈಲ ಮುಟ್ಟಿದರೆ ಕೆಡುತ್ತದೆ. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್ ಸೀಲು, ವೀಲ್ ಸಿಲಿಂಡರ್, ಹೋಸ್ ಎಲ್ಲ ಹೊಸದು ಹಾಕಬೇಕಾಯಿತು. ಎಂಜಿನ್ ಆಯಿಲ್ ಅಳೆದ ಫನಲ್ಲನ್ನೂ ಈ ಕೆಲಸಕ್ಕೆ ಮುಟ್ಟಬೇಡಿ.

ಎಸಿ ಅಂಗಡಿಯ ತಾಮ್ರದ ಪೈಪು ಬೇಡ. ಟೈರಿಗೆ ನಾವು 30 ಪೌಂಡ್ ಗಾಳಿ ಹಾಕುತ್ತೇವೆ. ಜೋರಾಗಿ ಬ್ರೇಕ್ ಒತ್ತಿದಾಗ ಪೈಪಿನೊಳಗಿನ ಒತ್ತಡ 1000 ಪೌಂಡ್ ದಾಟುತ್ತದೆ. ಬರೀ ತಾಮ್ರ ಗಾಡಿಯ ಅದುರಾಟಕ್ಕೆ ದಿನದಿನಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ. ತಾಮ್ರ ಮತ್ತು ನಿಕ್ಕಲ್ ಬೆರೆಸಿ ಬ್ರೇಕಿಗೆಂದೇ ಮಾಡಿದ ಪೈಪು ಬೇರೆ, ಅದು ಒಳ್ಳೆಯದು, ತುಕ್ಕು ಹಿಡಿಯುವುದಿಲ್ಲ. ನಿಮ್ಮ ಸ್ನೇಹಿತರು ಎಲ್ಲೋ ಅದರ ವಿಷಯ ಕೇಳಿ ಎರಡನ್ನೂ ಒಂದು ಮಾಡಿಕೊಂಡಿರಬೇಕು.

ಕತ್ತರಿಸಿ ಜಾಯಿಂಟ್ ಹಾಕುವುದು ಇದ್ದುದರಲ್ಲಿ ಹೆಚ್ಚು ಅಪಾಯ. ಡೀಸೆಲ್ ಪೈಪಿಗೆ ಹಾಕುವ ರಿಂಗ್ ಜಾಯಿಂಟು ಆ ಒತ್ತಡಕ್ಕೆ ಕಳಚಿಕೊಳ್ಳಬಹುದು. ಅದೂ ಅಲ್ಲದೆ, ಒಂದು ಕಡೆ ತೂತು ಬೀಳುವಷ್ಟು ತುಕ್ಕು ಹಿಡಿದ ಪೈಪಿನ ಉಳಿದ ಭಾಗ ಎಷ್ಟು ಗಟ್ಟಿ? ಕ್ಲಿಪ್ ತೆಗೆದು ಅದರ ಅಡಿಯ ಜಾಗವನ್ನು ಉಗುರಿನಿಂದ ಕೆರೆದು ನೋಡಿ. ಪೈಪಿಗೆ ತುಕ್ಕು ಹಿಡಿಯುವುದು ಕ್ಲಿಪ್ ಅಡಿಯಲ್ಲಿ, ಆಕ್ಸಲ್ ಮೇಲೆ ಕೆಸರು ಕೂತ ಕಡೆ. ಮೇಲಿನಿಂದ ಕಾಣುವುದಿಲ್ಲ. ನಿಮ್ಮದು ತೋಟದ ಗಾಡಿ. ಪೊಟ್ಯಾಷ್ ಮೂಟೆ ಹೇರಿರುತ್ತೀರಿ ಅಲ್ವಾ? ನಮ್ಮ ಕಡೆ ಜಾಸ್ತಿ ಬಳಸುವ ಪೊಟ್ಯಾಷ್ ಗೊಬ್ಬರ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಉಪ್ಪಿನ ತಮ್ಮ. ಮೂಟೆಯಿಂದ ಉದುರಿದ್ದು ಮಳೆನೀರಿನಲ್ಲಿ ಕರಗಿ ಕೆಳಗಿಳಿದರೆ ಕಬ್ಬಿಣಕ್ಕೆ ಸಮುದ್ರದ ನೀರು ಬಿದ್ದಂತೆಯೇ. ಗೊಬ್ಬರ ಸಾಗಿಸಿದ ಸಂಜೆ ಗಾಡಿಯ ಕೆಳಗೆ ಹೋಸ್‌ನಿಂದ ನೀರು ಹೊಡೆಯುವ ಅಭ್ಯಾಸ ಮಾಡಿಕೊಳ್ಳಿ.

ಹಾಗಾದರೆ ಮನೆಯಲ್ಲಿ ಮಾಡಬಹುದೇ? ಫ್ಲೂಯಿಡ್ ಬದಲಿಸುವುದನ್ನು ಧೈರ್ಯವಾಗಿ ಮಾಡಬಹುದು. ಪೈಪಿಗೆ ನನ್ನದೊಂದು ಶರತ್ತು. ಎರಡೂ ತುದಿ ತಯಾರಾಗಿ, ನಟ್ ಕೂತು, ನಿಮ್ಮ ಮಾಡೆಲ್‌ಗೆಂದೇ ಬರುವ ಪೈಪು ಸಿಕ್ಕರೆ ಮಾತ್ರ ನೀವೇ ಹಾಕಿ. ಚಿಕ್ಕಮಗಳೂರು ಅಥವಾ ಹಾಸನದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ, ಇಲ್ಲದಿದ್ದರೆ ತರಿಸಿಕೊಡುತ್ತಾರೆ. ನೇರ ಪೈಪು ತಂದು ತುದಿಯನ್ನು ನೀವೇ ಅರಳಿಸುವ ಕೆಲಸಕ್ಕೆ ಇಳಿಯಬೇಡಿ. ತುದಿ ಅರಳಿಸುವುದರಲ್ಲಿ ಎರಡು ಮಾದರಿ ಇವೆ. ಒಂದು ಒಳಕ್ಕೆ ಎರಡು ಪದರ ಮಡಚಿದ್ದು, ಇನ್ನೊಂದು ಗುಳ್ಳೆಯ ಆಕಾರದ್ದು. ಒಂದರ ಜಾಗದಲ್ಲಿ ಇನ್ನೊಂದನ್ನು ಬಿಗಿದರೆ ಮೊದಲ ದಿನ ಸೋರದೆಯೂ ಇರಬಹುದು, ಅದೇ ಅಪಾಯ. ಕೂದಲೆಳೆಯಷ್ಟು ಬಿರುಕು ಇದ್ದರೂ ಕಣ್ಣಿಗೆ ಕಾಣುವುದಿಲ್ಲ. ನಮ್ಮಲ್ಲಿ ಹೊಸ ಹುಡುಗರಿಗೆ ತುಂಡು ಪೈಪುಗಳ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ ಮೇಲೇ ಗಾಡಿ ಮುಟ್ಟಲು ಬಿಡುವುದು.

ಜಾಗ ಯಾವುದು? ಮಲೆನಾಡಿನ ಮನೆಯಂಗಳ ಅಂದರೆ ಇಳಿಜಾರು. ನಿಮ್ಮಲ್ಲಿ ಸಮತಟ್ಟಾಗಿರುವುದು ಕಾಫಿ ಒಣಗಿಸುವ ಕಣವೇ ಇರಬೇಕು. ಸಿಮೆಂಟ್ ಕಣ ಈ ಕೆಲಸಕ್ಕೆ ಚೆನ್ನಾಗಿದೆ, ಆದರೆ ಕಾಫಿ ಹರಡುವ ಜಾಗಕ್ಕೆ ಫ್ಲೂಯಿಡ್ ಚೆಲ್ಲದಂತೆ ಒಂದು ಮೂಲೆಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಸಿಕೊಳ್ಳಿ. ಎರಡೂ ಮುಂದಿನ ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಕೊಟ್ಟೇ ಕೆಳಗೆ ಹೋಗಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡ, ಅವು ಹೇಳದೆ ಕೇಳದೆ ಒಡೆಯುತ್ತವೆ.

ಹಿಂದಿನ ಸಂಜೆಯೇ ಪೈಪಿನ ನಟ್‌ಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಚಕ್ರದ ಹತ್ತಿರ ಗಾಳಿ ಹೊರಬಿಡಲು ಇರುವ ಬ್ಲೀಡರ್ ನಿಪ್ಪಲ್‌ಗಳಿಗೂ ಹೊಡೆಯಿರಿ. ಸಾಮಾನ್ಯ ಓಪನ್ ಸ್ಪ್ಯಾನರ್ ಹಾಕಿದರೆ ಹಳೆಯ ನಟ್‌ನ ಮೂಲೆಗಳು ಉರುಟಾಗುತ್ತವೆ. ಈ ನಟ್‌ಗಳಿಗೆಂದೇ ಒಂದು ಬದಿ ಸೀಳಿದ ರಿಂಗ್ ಸ್ಪ್ಯಾನರ್ ಬರುತ್ತದೆ, ಅದನ್ನು ತಂದುಕೊಳ್ಳಿ. ಆದರೂ ಬರದಿದ್ದರೆ, ಹೇಗೂ ಎಸೆಯುವ ಪೈಪು, ನಟ್ ಪಕ್ಕದಲ್ಲೇ ಕತ್ತರಿಸಿ ಬಾಕ್ಸ್ ಸ್ಪ್ಯಾನರ್ ಹಾಕಿ ತಿರುಗಿಸಿ. ಹೋಸ್‌ಗೆ ಸೇರುವ ಕಡೆ ಎರಡು ಸ್ಪ್ಯಾನರ್ ಬೇಕು, ಒಂದು ಹಿಡಿದಿರಲು, ಒಂದು ತಿರುಗಿಸಲು. ಇಲ್ಲದಿದ್ದರೆ ಹೋಸ್ ಹಗ್ಗದಂತೆ ಹುರಿಗೊಳ್ಳುತ್ತದೆ. ಹೋಸ್ ಮೇಲೆ ಬಿರುಕು ಕಂಡರೆ ಅದನ್ನೂ ಇವತ್ತೇ ಬದಲಿಸಿ.

ಹೊಸ ಪೈಪನ್ನು ಹಳೆಯದರ ಪಕ್ಕ ಇಟ್ಟು ಅದೇ ತಿರುವು ಕೊಡಿ. ಮಡಿಕೆ ಬಿದ್ದರೆ ಅದು ಹೋಯಿತು, ಬೇರೆ ತನ್ನಿ. ಎರಡೂ ತುದಿಯ ನಟ್ಟನ್ನು ಬೆರಳಲ್ಲೇ ನಾಲ್ಕೈದು ಸುತ್ತು ತಿರುಗಿಸಿ. ಬೆರಳಿಗೆ ಬರಲಿಲ್ಲವೆಂದರೆ ನಟ್ಟಿನ ಥ್ರೆಡ್ ಓರೆಯಾಗಿ ಕೂತಿದೆ, ಸ್ಪ್ಯಾನರ್‌ನಿಂದ ಬಲ ಹಾಕಬೇಡಿ. ಹಳೆಯ ಕ್ಲಿಪ್ ಇದ್ದ ಎಲ್ಲ ಕಡೆ ಕ್ಲಿಪ್ ಹಾಕಿ. ಪೈಪು ಸೈಲೆನ್ಸರ್‌ಗೆ, ಆಕ್ಸಲ್‌ಗೆ ತಾಗಬಾರದು.

ಆಮೇಲೆ ಫ್ಲೂಯಿಡ್. ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಎಂದು ಬರೆದಿರುತ್ತದೆ. ಡಾಟ್ 3 ಎಂದಿದ್ದರೆ ಡಾಟ್ 4 ಹಾಕಬಹುದು, ಘಾಟಿಯವರಿಗೆ ನಾನು ಅದನ್ನೇ ಹೇಳುವುದು. ಡಾಟ್ 5 ಮಾತ್ರ ಬೇಡ, ಅದು ಸಿಲಿಕೋನ್, ಇವುಗಳ ಜೊತೆ ಬೆರೆಯುವುದಿಲ್ಲ. ಡಾಟ್ 5.1 ಬೇರೆಯದು, ಅದು ಗ್ಲೈಕಾಲ್ ಜಾತಿಯೇ. ಹೆಸರು ಒಂದೇ ತರಹ ಇರುವುದರಿಂದ ಅಂಗಡಿಯಲ್ಲಿ ಡಬ್ಬ ತಿರುಗಿಸಿ ಓದಿ. ಒಂದು ಲೀಟರ್ ತಂದರೆ ಸಾಕಾಗುತ್ತದೆ. ಸೀಲ್ ಒಡೆಯದ ಡಬ್ಬವೇ ಬೇಕು. ಹೋದ ವರ್ಷ ತೆರೆದು ಶೆಡ್ಡಿನಲ್ಲಿಟ್ಟ ಅರ್ಧ ಡಬ್ಬ ಆಗಲೇ ನೀರು ಕುಡಿದಿರುತ್ತದೆ.

ಡಬ್ಬಿಯ ಹಳೆಯದನ್ನು ಸಿರಿಂಜಿನಿಂದ ಎಳೆದು ತೆಗೆದು ಹೊಸದು ತುಂಬಿ. ಹಿಂದಿನ ಡ್ರಮ್ಮಿನ ಶೂ ಸಡಿಲವಿದ್ದರೆ ಮೊದಲು ಅಡ್ಜಸ್ಟ್ ಮಾಡಿ. ಇಲ್ಲದಿದ್ದರೆ ಎಷ್ಟು ಏರ್ ತೆಗೆದರೂ ಪೆಡಲ್ ಮೇಲೆ ಬರುವುದಿಲ್ಲ. ಏರ್ ತೆಗೆಯುವುದು ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ ಶುರು. ನಮ್ಮ ಗಾಡಿಗಳಲ್ಲಿ ಅದು ಎಡಗಡೆಯ ಹಿಂದಿನದು, ಆಮೇಲೆ ಬಲ ಹಿಂದಿನದು, ಎಡ ಮುಂದಿನದು, ಕೊನೆಗೆ ಬಲ ಮುಂದಿನದು. ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮ ಕೊಟ್ಟಿದ್ದರೆ ಅದೇ ಸರಿ. ಹಿಂದಿನ ಆಕ್ಸಲ್ ಹತ್ತಿರ ಲೋಡ್ ನೋಡಿ ಒತ್ತಡ ಹಂಚುವ ವಾಲ್ವ್ ಇದ್ದು, ಅದಕ್ಕೂ ಒಂದು ನಿಪ್ಪಲ್ ಇದ್ದರೆ ಅಲ್ಲೂ ಏರ್ ತೆಗೆಯಬೇಕು.

ಮಗ ಪೆಡಲ್ ಹತ್ತಿರ ಕೂರಲಿ, ನೀವು ಚಕ್ರದ ಹತ್ತಿರ. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ ಇನ್ನೊಂದು ತುದಿ ಬಾಟಲಿಯ ಫ್ಲೂಯಿಡ್‌ನಲ್ಲಿ ಮುಳುಗಿರಲಿ. ನೀವು "ಒತ್ತು" ಅನ್ನಿ. ಅವನು ನಿಧಾನವಾಗಿ ಒತ್ತಿ "ಒತ್ತಿದೀನಿ" ಅನ್ನಲಿ. ನೀವು ನಿಪ್ಪಲ್ ಕಾಲು ಸುತ್ತು ಬಿಚ್ಚಿ. ಪೆಡಲ್ ಕೆಳಗೆ ಹೋಗುತ್ತದೆ, ಕಷಾಯದ ಬಣ್ಣದ್ದು ಟ್ಯೂಬಿನಲ್ಲಿ ಹರಿಯುತ್ತದೆ, ನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಓಡುತ್ತವೆ. ನಿಪ್ಪಲ್ ಮುಚ್ಚಿ, ಆಮೇಲೇ "ಬಿಡು" ಅನ್ನಿ. ಮುಚ್ಚುವ ಮುಂಚೆ ಅವನು ಕಾಲು ಎತ್ತಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ, ಅದಕ್ಕೇ ಮಾತಿಗೆ ಮಾತು ಕೊಡಬೇಕು. ಗುಳ್ಳೆ ನಿಂತು, ತೆಳು ಜೇನಿನ ಬಣ್ಣದ ಹೊಸದು ಬರುವ ತನಕ ಮಾಡಿ. ನಾಲ್ಕೈದು ಸಲಕ್ಕೊಮ್ಮೆ ಡಬ್ಬಿ ನೋಡಿ ತುಂಬುತ್ತಿರಿ. ಅದು ಖಾಲಿಯಾದರೆ ಮೊದಲಿನಿಂದ ಶುರು.

ಬಣ್ಣ ನೋಡಿ ಹೊಸದು ಬಂತು ಎಂದು ತಿಳಿಯಬಹುದು, ನೀರು ಎಷ್ಟಿದೆ ಎಂದು ತಿಳಿಯುವುದಿಲ್ಲ. ತಿಳಿಯಾಗಿ ಕಂಡ ಫ್ಲೂಯಿಡ್ ಕೂಡ ನೀರು ಕುಡಿದಿರಬಹುದು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಕಣ್ಣುಮುಚ್ಚಿ ಬದಲಿಸಿ ಅನ್ನುವುದು.

ಒಂದು ತಪ್ಪು ನಾನು ಕಲಿಯುವ ದಿನಗಳಲ್ಲಿ ಮಾಡಿದ್ದೇನೆ, ನೀವು ಮಾಡಬೇಡಿ. ಹಳೆಯ ಗಾಡಿಯೊಂದರ ಪೆಡಲನ್ನು ನೆಲ ಮುಟ್ಟುವ ತನಕ ಒತ್ತಿ ಒತ್ತಿ ಏರ್ ತೆಗೆದಿದ್ದೆ. ಮಾಮೂಲಿ ಓಡಾಟದಲ್ಲಿ ಮಾಸ್ಟರ್ ಸಿಲಿಂಡರಿನ ಕಪ್ ಅಷ್ಟು ದೂರ ಹೋಗುವುದಿಲ್ಲ. ಅಲ್ಲಿ ಒಳಗೋಡೆಯಲ್ಲಿ ಕೊಳೆ, ತುಕ್ಕು ಕೂತಿರುತ್ತದೆ. ಕಪ್ ಅದರ ಮೇಲೆ ಉಜ್ಜಿ ಹರಿದುಹೋಯಿತು. ಮಾರನೆಯ ದಿನ ಗಾಡಿಯ ಯಜಮಾನರು ಫೋನ್ ಮಾಡಿ ಪೆಡಲ್ ಇಳಿಯುತ್ತಿದೆ ಎಂದಾಗ ನನ್ನ ಕೈಕಾಲು ತಣ್ಣಗಾಯಿತು. ಪುಣ್ಯಕ್ಕೆ ಅವರು ಮನೆ ಬಿಟ್ಟಿರಲಿಲ್ಲ. ಪೆಡಲ್ ಅಡಿಯಲ್ಲಿ ಒಂದು ಮರದ ತುಂಡು ಇಡಿ, ನೆಲ ಮುಟ್ಟದಿರಲಿ.

ನಿಪ್ಪಲ್ ಬಿಚ್ಚಲು ಬರದೆ ಬಿಗಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಮುರಿದರೆ ಕ್ಯಾಲಿಪರ್ ಹೋಗುತ್ತದೆ. ಮೆಕ್ಯಾನಿಕ್‌ನನ್ನು ತೋಟಕ್ಕೇ ಕರೆಸಿ, ಇಲ್ಲವೇ ಗಾಡಿಯನ್ನು ಲಾರಿ ಮೇಲೆ ಕಳಿಸಿ. ನಿಮ್ಮ 2008ರ ಗಾಡಿಯಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿಯದಂತೆ ತಡೆಯುವ ವ್ಯವಸ್ಥೆ) ಇರಲಾರದು. ಇದನ್ನು ಓದುವ ಬೇರೆಯವರ ಗಾಡಿಯಲ್ಲಿ ಎಬಿಎಸ್ ಇದ್ದರೆ ಪೈಪು ಬಿಚ್ಚುವ ಕೆಲಸ ಮನೆಯಲ್ಲಿ ಬೇಡ. ಅದರ ಯೂನಿಟ್ಟಿನೊಳಗೆ ಗಾಳಿ ಹೋದರೆ ತೆಗೆಯಲು ಸ್ಕ್ಯಾನರ್ ಬೇಕಾಗಬಹುದು.

ಕೆಲಸ ಮುಗಿದ ಮೇಲೆ ಎಂಜಿನ್ ಆಫ್ ಇದ್ದಂತೆಯೇ ಪೆಡಲನ್ನು ಜೋರಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಅದು ಕಲ್ಲಿನಂತೆ ನಿಲ್ಲಬೇಕು. ಮೆಲ್ಲಗೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ ಕಪ್ ಹೋಗಿದೆ. ಎಂಜಿನ್ ಸ್ಟಾರ್ಟ್ ಮಾಡಿದಾಗ ಪೆಡಲ್ ಒಂದಿಷ್ಟು ಕೆಳಗೆ ಬಂದು ನಿಂತರೆ ಅದು ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಕೆಲಸ, ಹೆದರಬೇಡಿ. ಮಗ ಒತ್ತಿ ಹಿಡಿದಿರುವಾಗ ನೀವು ಹೊಸ ಜಾಯಿಂಟಿಗೆಲ್ಲ ಟಿಶ್ಯೂ ಒತ್ತಿ ನೋಡಿ. ಚುಕ್ಕೆಯಷ್ಟು ಒದ್ದೆಯಾದರೂ ಮತ್ತೆ ಬಿಚ್ಚಿ. ಆಮೇಲೆ ಕಣದಲ್ಲೇ ನಡಿಗೆಯ ವೇಗದಲ್ಲಿ ಹತ್ತು ಸಲ ನಿಲ್ಲಿಸಿ. ಎರಡು ದಿನ ಸಮತಟ್ಟಾದ ರಸ್ತೆಯಲ್ಲಿ ಒಬ್ಬರೇ ಓಡಿಸಿ. ದಿನಾ ಬೆಳಿಗ್ಗೆ ಡಬ್ಬಿಯ ಮಟ್ಟ ನೋಡಿ.

ಆಮೇಲೆ ಘಾಟಿಗೆ ಹೋಗಿ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಇರಲಿ. ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ. ಸುಮ್ನೆ ಕಾಲಿಟ್ಟುಕೊಂಡು ಇಳಿಯಬೇಡಿ. ಹೋದ ಸಲ ನೀವು ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದದ್ದು ಸರಿಯಾದ ಕೆಲಸ. ಅದರ ಜೊತೆಗೆ ಪೆಡಲನ್ನು ಪಟಪಟ ನಾಲ್ಕೈದು ಸಲ ಒತ್ತಿದರೆ ಸ್ವಲ್ಪ ಬ್ರೇಕ್ ಸಿಗುವುದುಂಟು. ಗುಡ್ಡದ ಬದಿಗೆ ಸರಿದು ನಿಲ್ಲಿಸಿ. ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ, ಸೊಟ್ಟಗಾಗುತ್ತದೆ.

ತೆಗೆದ ಹಳೆಯ ಫ್ಲೂಯಿಡ್ ವಿಷ. ತೋಟದ ಹಳ್ಳಕ್ಕೆ, ಬಾವಿಯ ಹತ್ತಿರ ಚೆಲ್ಲಬೇಡಿ. ನೀರಿನ ಬಾಟಲಿಯಲ್ಲಿ ತುಂಬಿ ಶೆಡ್ಡಿನಲ್ಲಿ ಇಡಬೇಡಿ, ಯಾರಾದರೂ ಕುಡಿದಾರು. ಗುರುತು ಹಾಕಿದ ಕ್ಯಾನಿನಲ್ಲಿ ಗ್ಯಾರೇಜಿಗೆ ಕೊಡಿ. ಬಾಡಿಯ ಮೇಲೆ ತೊಟ್ಟಿಕ್ಕಿದರೆ ಒರೆಸುತ್ತಾ ಕೂರದೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ.

ಕೊನೆಯಲ್ಲಿ ಒಂದು ತುಂಡು ಟೇಪಿನ ಮೇಲೆ ಇವತ್ತಿನ ತಿಂಗಳು, ವರ್ಷ, ಹಾಕಿದ ಡಾಟ್ ಸಂಖ್ಯೆ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಎರಡು ವರ್ಷ ಬಿಟ್ಟು ಗಾಡಿ ಯಾರ ಕೈಗೆ ಹೋದರೂ ಅವರಿಗೆ ಕಾಣಲಿ.